ಅವಳೇನಂದಳು, ನೀನು ಹೇಳು

ನಮ್ಮ ಕಾಲೇಜಿನಲ್ಲಿ ಯಾರಿಗೂ ಬೇಡವಾದ ಕೆಲಸಗಳೆಲ್ಲ ಕೊನೆಗೆ ಕನ್ನಡ ಮೇಷ್ಟ್ರ ಪಾಲಿಗೆ ಬರುತ್ತಿದ್ದವು. ರಾಜ್ಯೋತ್ಸವದ ನಿರೂಪಣೆ, ಅತಿಥಿಗಳಿಗೆ ಹಾರ ತರುವುದು, ಬ್ಯಾನರಿನ ಕಾಗುಣಿತ ತಿದ್ದುವುದು, ಪರೀಕ್ಷಾ ಕೊಠಡಿಗೆ ಯಾರಾದರೂ ಬರಲಿಲ್ಲವೆಂದರೆ ಹೋಗಿ ಕೂರುವುದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡಕ್ಕೆ ಸಿಗುವುದು ವಾರಕ್ಕೊಂದು ತಾಸು. ಉಳಿದ ಹೊತ್ತೆಲ್ಲ ಅವರು ಇಂಥವಕ್ಕೆ ಒದಗುತ್ತಿದ್ದರು. ಹೀಗಿರುವಾಗ ಹೊಸದೊಂದು ಪೇಪರ್ ಬಂತು. ಬೇರೆ ಬೇರೆ ಬ್ರಾಂಚಿನ ವಿದ್ಯಾರ್ಥಿಗಳನ್ನು ಒಂದೊಂದು ತಂಡಕ್ಕೆ ಸೇರಿಸಬೇಕು, ಸುತ್ತಮುತ್ತಲ ಊರಿನ ಒಂದು ತೊಂದರೆ ಹುಡುಕಿ ಅದಕ್ಕೊಂದು ಸಾಧನ ಮಾಡಿಸಬೇಕು. ಮೆಕ್ಯಾನಿಕಲ್‌ನವರು ಇದು ಸಿವಿಲ್‌ನವರ ಕೆಲಸ ಎಂದರು. ಸಿವಿಲ್‌ನವರು ಕಂಪ್ಯೂಟರಿನವರತ್ತ ಕೈ ತೋರಿಸಿದರು. ಸುತ್ತಿ ಸುತ್ತಿ ಅದೂ ಕನ್ನಡ ಮೇಷ್ಟ್ರ ಕೊರಳಿಗೆ ಬಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಬೆಳಗ್ಗೆ ಎದೆನೋವು ಎಂದರಂತೆ, ಹಾಸನಕ್ಕೆ ಕರೆದುಕೊಂಡು ಹೊರಟವರು ದಾರಿಯಿಂದಲೇ ವಾಪಸು ಬರಬೇಕಾಯಿತು. ಅವರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಕಾಲೇಜಿನ ಗೋಡೆಯ ಮೇಲೆ ಅಧ್ಯಾಪಕರ ಹೆಸರಿನ ದೊಡ್ಡ ಹಲಗೆ ಇತ್ತು. ಅವರು ಅತಿಥಿ ಉಪನ್ಯಾಸಕರಾದ್ದರಿಂದ ಅಲ್ಲೂ ಅವರ ಹೆಸರಿರಲಿಲ್ಲ. ಎಲ್ಲರಿಗೂ ಅವರು ಕನ್ನಡ ಮೇಷ್ಟ್ರು, ನಮಗೆ ಬರೀ ಸಾರ್.

ಹಳೇಬೀಡಿನ ಪಕ್ಕದ ಒಂದು ಸಣ್ಣ ಊರು ಅವರದು. ದಿನಾ ಜಾವಗಲ್ ಮೇಲೆ ಬಸ್ಸಿನಲ್ಲಿ ಅರಸೀಕೆರೆಗೆ ಬರುತ್ತಿದ್ದರು. ಬಡಕಲು ಮೈ, ಮಣಿಕಟ್ಟಿನ ಗುಂಡಿ ಹಾಕಿದ ತುಂಬುತೋಳಿನ ಅಂಗಿ. ಯಾರು ಮಾತಾಡಿದರೂ ಕುತ್ತಿಗೆಯನ್ನು ಎಡಕ್ಕೆ ಸ್ವಲ್ಪ ವಾಲಿಸಿ, ಮಾತಾಡುವವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಅದನ್ನು ನಾವು ವಿನಯ ಅಂದುಕೊಂಡಿದ್ದೆವು. ಹಿಂದಿನ ಬೆಂಚಿನ ಹುಡುಗರು ಏನು ಗೊಣಗಿದರೂ ಅವರಿಗೆ ಕೋಪ ಬರುತ್ತಿರಲಿಲ್ಲ. ಅದನ್ನು ನಾವು ತಾಳ್ಮೆ ಅಂದುಕೊಂಡಿದ್ದೆವು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. 'ಮೆಸೇಜ್ ಹಾಕ್ರಪ್ಪ, ಬಸ್ಸಲ್ಲಿ ಇರ್ತೀನಿ' ಅನ್ನುತ್ತಿದ್ದರು. ಯಾವಾಗ ನೋಡಿದರೂ ಬಸ್ಸಿನಲ್ಲೇ ಇರುವ ಮನುಷ್ಯ ಎಂದು ನಾವು ನಗುತ್ತಿದ್ದೆವು.

ನಮ್ಮ ತಂಡದಲ್ಲಿ ನಾಲ್ಕು ಜನ. ನಾನು ಮೆಕ್ಯಾನಿಕಲ್. ಬೇಲೂರಿನ ಆಶಾ ಸಿವಿಲ್. ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಯ ನವೀನ ಎಲೆಕ್ಟ್ರಾನಿಕ್ಸ್. ಜಾವಗಲ್ ಕಡೆಯ ಮಂಜು ಕಂಪ್ಯೂಟರ್ ಸೈನ್ಸ್. ನಾವಾಗಿ ಆರಿಸಿಕೊಂಡ ಸ್ನೇಹವಲ್ಲ ಅದು, ಚೀಟಿ ಎತ್ತಿ ಹಾಕಿದ್ದು. ಸಾರ್ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. 'ಏನಮ್ಮ ಹಾರನಹಳ್ಳಿ' ಎಂದರೆ ಅದು ನಾನು.

ಮೊದಲ ದಿನ ಮೇಜಿನ ಮೇಲೆ ಎರಡೂ ಕೈ ಊರಿ ಹೇಳಿದರು: "ನೋಡ್ರಪ್ಪ, ನಿಮ್ಮ ಇಂಜಿನಿಯರಿಂಗ್ ನಂಗೆ ಒಂದಕ್ಷರ ಬರಲ್ಲ. ಬರುತ್ತೆ ಅಂತ ನಟನೆ ಮಾಡೋ ವಯಸ್ಸೂ ಅಲ್ಲ ನಂದು. ನನ್ನನ್ನ ಏನ್ ಕೇಳಿದ್ರೂ ನಾನು ಒಂದೇ ಕೇಳೋದು. ನಿಮ್ಮಲ್ಲಿ ಯಾರಿಗೆ ಗೊತ್ತು?"

ನವೀನ ನನ್ನ ಕಿವಿಯ ಹತ್ತಿರ, "ಈ ಸೆಮಿಸ್ಟರ್ ಗೋವಿಂದ" ಎಂದ.

ನಾವು ನಾಲ್ವರೂ ಅವರ ಎದುರಿಗೆ ಅರ್ಧಚಂದ್ರದ ಹಾಗೆ ಕೂರಬೇಕು, ಪಕ್ಕದಲ್ಲಾಗಲಿ ಹಿಂದೆಯಾಗಲಿ ಯಾರೂ ಇರಕೂಡದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಕೂಡದು. ನನ್ನ ಮಾತು ಮುಗಿದ ಮೇಲೆ ಅವರು ನವೀನನ ಕಡೆಗೋ ಮಂಜುವಿನ ಕಡೆಗೋ ತಿರುಗಿ, "ಅವಳೇನಂದಳು, ನೀನು ಹೇಳು" ಅನ್ನುವರು. ಅವನು ಹೇಳಿದ ಮೇಲೆ ನನ್ನತ್ತ ತಿರುಗಿ, "ನೀನು ಅಂದಿದ್ದು ಅದೇನಾ?" ಎಂದು ಕೇಳುವರು.

ಮೊದಲ ವಾರ ಹತ್ತರಲ್ಲಿ ಒಂಬತ್ತು ಸಲ ನಾನು ಅಂದಿದ್ದು ಅದಾಗಿರುತ್ತಿರಲಿಲ್ಲ. ಸನ್ನೆಗೋಲಿನ ಬಗ್ಗೆ, ತಿರುಗುವ ಬಲದ ಬಗ್ಗೆ ಕಾಲು ಗಂಟೆ ವಿವರಿಸಿದ್ದೆ. ನವೀನ ಅದನ್ನು ಎರಡೇ ಮಾತಿನಲ್ಲಿ, ಅದೂ ತಲೆಕೆಳಗು ಮಾಡಿ ಒಪ್ಪಿಸಿದ. ನನಗೆ ಸಿಟ್ಟು ಬಂತು. "ಅವನಿಗೆ ಅರ್ಥ ಆಗದಿದ್ರೆ ನಾನೇನ್ ಮಾಡ್ಲಿ ಸಾರ್?" ಎಂದೆ.

"ಅರ್ಥ ಆಯ್ತಾ ಅಂತ ನೀನು ಕೇಳಿದಾಗ ತಲೆ ಆಡಿಸಿದ್ನಲ್ಲ?"

"ಆಡಿಸಿದ ಸಾರ್."

"ತಲೆ ಆಡಿಸೋದು ಕೋಲೆಬಸವಂಗೂ ಬರುತ್ತೆ ಕಣಮ್ಮ. ಇನ್ನೊಂದ್ಸಲ ಹೇಳು. ಈ ಸಲ ನಿನ್ ಪುಸ್ತಕಕ್ಕೆ ಹೇಳ್ಬೇಡ, ಅವನಿಗೆ ಹೇಳು."

ನಾನು ನವೀನನನ್ನು ಎಬ್ಬಿಸಿಕೊಂಡು ಹೋಗಿ ಕ್ಲಾಸಿನ ಬಾಗಿಲನ್ನು ಕೀಲಿನ ಹತ್ತಿರ ಕೈಯಿಟ್ಟು ತಳ್ಳು ಎಂದೆ. ಬಾಗಿಲು ಮಿಸುಕಲಿಲ್ಲ. ಹಿಡಿಯ ಹತ್ತಿರ ತಳ್ಳು ಎಂದೆ. ಒಂದು ಬೆರಳಿಗೆ ಸರಿಯಿತು. "ಓ, ಇಷ್ಟೇನಾ!" ಎಂದ. ಆ ಒಂದಕ್ಷರದ 'ಓ' ಬಂದ ಕೂಡಲೇ ಸಾರ್ ಮುಖದಲ್ಲಿ ಒಂದು ನಗು ಹರಡಿತು. ಇನ್ನೊಬ್ಬರಿಗೆ ಹೊಳೆದದ್ದನ್ನು ನೋಡಿ ಅಷ್ಟು ಖುಷಿಪಡುವವರನ್ನು ನಾನು ಆಮೇಲೆ ನೋಡಿಲ್ಲ.

ಒಂದು ಶನಿವಾರ ನಮ್ಮನ್ನು ಹಳೇಬೀಡಿನ ದೇವಸ್ಥಾನಕ್ಕೆ ಬರಹೇಳಿದರು. ನಾವೆಲ್ಲ ಚಿಕ್ಕಂದಿನಿಂದ ನೋಡಿ ನೋಡಿ ಸಾಕಾದ ಜಾಗ. ಒಂದೇ ಗೋಡೆಯ ಮುಂದೆ ನಾಲ್ವರನ್ನೂ ನಿಲ್ಲಿಸಿ, ಏನು ಕಾಣುತ್ತದೋ ಹೇಳಿ ಎಂದರು. ಆಶಾ ಸುಣ್ಣಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿದ ಸಂದು ತೋರಿಸಿದಳು. ನಾನು ಲೇತ್ ಯಂತ್ರದಲ್ಲಿ ತಿರುಗಿಸಿ ಕಡೆದಂತಿದ್ದ ಒಳಗಿನ ಕಂಬಗಳ ಮಾತೆತ್ತಿದೆ. ಮಂಜು, ಆನೆಗಳ ಸಾಲಿನಲ್ಲಿ ಒಂದಾನೆಯ ಹಾಗೆ ಇನ್ನೊಂದಿಲ್ಲ, ನಾನಾಗಿದ್ದರೆ ಒಂದನ್ನು ಮಾಡಿ ಉಳಿದದ್ದನ್ನು ಕಾಪಿ ಮಾಡುತ್ತಿದ್ದೆ ಎಂದ. ನವೀನ ಗೋಡೆಯನ್ನೆಲ್ಲ ಒಮ್ಮೆ ನೋಡಿ, "ನಂಗೇನೂ ಕಾಣ್ತಿಲ್ಲ ಸಾರ್. ನಂದಿಲ್ಲಿ ಏನೂ ಇಲ್ಲ" ಎಂದ.

ಸಾರ್ ಅವನ ಹೆಗಲ ಮೇಲೆ ಕೈ ಹಾಕಿದರು. "ನಂದೂ ಏನಿಲ್ಲ ಕಣಯ್ಯ. ಬಾ, ಇವರು ಮೂರು ಜನ ಹೇಳಿದ್ದನ್ನ ನಾವಿಬ್ರೂ ನೋಡ್ಕೊಂಡ್ ಬರೋಣ."

ಇಬ್ಬರೂ ಆ ಗೋಡೆಯುದ್ದಕ್ಕೂ ಹೋದರು. ಆನೆಗಳನ್ನು ಒಂದೊಂದಾಗಿ ನೋಡುತ್ತ, ಸಂದುಗಳ ಮೇಲೆ ಬೆರಳಾಡಿಸುತ್ತ. ನವೀನ ವಾಪಸು ಬಂದವನು ನಾವು ಮೂವರು ಹೇಳಿದ್ದನ್ನು ನಮಗಿಂತ ಚೆನ್ನಾಗಿ ನಮಗೇ ಹೇಳಿದ.

ನಮ್ಮ ತಂಡಕ್ಕೆ ಕೆಲಸ ಕೊಟ್ಟಿದ್ದು ಮಂಜುವಿನ ದೊಡ್ಡಮ್ಮ ಗಂಗಮ್ಮ. ಅವರು ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಮಕ್ಕಳಿಗೆಲ್ಲ ಆಗುವಷ್ಟು ಅನ್ನ ಬೆಂದ ಮೇಲೆ ಇಬ್ಬರು ಹೆಂಗಸರು ಆ ದೊಡ್ಡ ತಪ್ಪಲೆಯನ್ನು ಬಟ್ಟೆಯಲ್ಲಿ ಹಿಡಿದು, ಎತ್ತಿ, ಬಾಗಿಸಿ ಗಂಜಿ ಬಸಿಯಬೇಕು. ಗಂಗಮ್ಮನ ಎರಡೂ ಮುಂಗೈ ಮೇಲೆ ಹಳೆಯ ಸುಟ್ಟ ಕಲೆಗಳಿದ್ದವು. "ಅದೇನ್ ಬಿಡ್ರಪ್ಪ, ಕೈಗೆ ಅಭ್ಯಾಸ ಆಗೈತೆ. ಸೊಂಟಕ್ಕೆ ಆಗಿಲ್ಲ" ಎಂದು ನಕ್ಕರು. ತಪ್ಪಲೆಯನ್ನು ಎತ್ತದೆ ಇದ್ದಲ್ಲೇ ಬಾಗಿಸುವ ಒಂದು ತೊಟ್ಟಿಲು ಮಾಡೋಣ ಎಂದು ತೀರ್ಮಾನಿಸಿದೆವು. ಕಬ್ಬಿಣದ ನಾಲ್ಕು ಕಾಲು, ನಡುವೆ ತೂಗುವ ಬಳೆ, ಪಕ್ಕದಲ್ಲೊಂದು ಉದ್ದ ಹಿಡಿ. ನವೀನ ಮೋಟಾರು ಹಾಕಬೇಕೆಂದು ಹಟ ಮಾಡಿದ. ಕರೆಂಟು ಹೋದರೆ ಮಕ್ಕಳು ಉಪವಾಸ ಕೂರಬೇಕಾ ಎಂದು ಮಂಜು ಕೇಳಿದ. ಮೋಟಾರು ಹೋಯಿತು. ನವೀನ ಮುಖ ಊದಿಸಿಕೊಂಡು ಎರಡು ದಿನ ಬರಲಿಲ್ಲ, ಮೂರನೆಯ ದಿನ ಬಂದು ನನ್ನ ಹತ್ತಿರ ವೆಲ್ಡಿಂಗ್ ಕಲಿಯಲು ನಿಂತ. ನಾನು ಕಲಿಸಿದೆ. ನನಗಿಂತ ಅವನ ಬೆಸುಗೆಯೇ ಸೊಗಸಾಗಿ ಬರತೊಡಗಿತು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಒಂದು ವಾರ ಸಾರ್ ಬರಲಿಲ್ಲ. ಉತ್ತರಪತ್ರಿಕೆ ನೋಡಲು ಬೇರೆ ಊರಿಗೆ ಹಾಕಿದ್ದರು. ಆ ವಾರವೇ ನಾವು ಶಾಲೆಯ ಅಡುಗೆಮನೆ ಅಳೆಯಲು ಹೋಗಿದ್ದು. ಆಶಾ ಪಟ್ಟಿ ಹಿಡಿದು, ನೆಲದ ಮೇಲೆ ನೀರು ಚೆಲ್ಲಿ ನೋಡಿ, "ನೆಲ ಮೋರಿ ಕಡೆಗೆ ವಾಟ ಐತೆ, ಜಾಸ್ತೀನೇ ಐತೆ" ಎಂದಳು. ನಾವು ಮೂವರೂ ಹೂಂ ಎಂದೆವು. ಗಂಜಿ ತಾನಾಗಿ ಮೋರಿಗೆ ಹರಿದುಹೋಗುತ್ತೆ, ಒಳ್ಳೆಯದಾಯಿತು ಎಂದು ನಾನು ತಿಳಿದುಕೊಂಡೆ. ಅವಳು ಹೇಳಿದ್ದು, ಅಂಥ ಇಳಿಜಾರಿನಲ್ಲಿ ತೊಟ್ಟಿಲ ಕಾಲುಗಳು ನಿಲ್ಲುವುದಿಲ್ಲ ಎಂದು. 'ಅವಳೇನಂದಳು, ನೀನು ಹೇಳು' ಅನ್ನುವವರು ಅವತ್ತು ಅಲ್ಲಿರಲಿಲ್ಲ. ಅವರಿಲ್ಲದಿದ್ದರೆ ನಾವೇ ಕೇಳಿಕೊಳ್ಳಬೇಕು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಕಾಲೇಜಿನ ವರ್ಕ್‌ಶಾಪಿನ ಸಮನೆಲದ ಮೇಲೆ ತೊಟ್ಟಿಲು ಹೂವಿನ ಹಾಗೆ ಬಾಗಿ ಏಳುತ್ತಿತ್ತು. ಟೆಂಪೋದಲ್ಲಿ ಹಾಕಿಕೊಂಡು ಶಾಲೆಗೆ ಒಯ್ದೆವು. ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ತಪ್ಪಲೆಯ ತುಂಬ ಕುದಿಯುವ ನೀರಿಟ್ಟೆವು. ಅನ್ನಕ್ಕಿಂತ ಮೊದಲು ನೀರಿನಲ್ಲಿ ನೋಡೋಣ ಎಂದು. ಸಾರ್ ಮೋರಿಯ ಪಕ್ಕದ ಗೋಡೆಯ ಮೇಲೆ ಬರೆದಿದ್ದ ವಾರದ ಊಟದ ವಿವರವನ್ನು ಓದುತ್ತ, ನಮಗೆ ಬೆನ್ನು ಮಾಡಿ ನಿಂತಿದ್ದರು. ನಾನು ಹಿಡಿ ಸಡಿಲಿಸಿದೆ. ತಪ್ಪಲೆ ಬಾಗಿತು. ಅದರ ಹಿಂದೆಯೇ ತೊಟ್ಟಿಲ ಎರಡು ಕಾಲು ನೆಲ ಬಿಟ್ಟು ಮೇಲೆದ್ದವು.

ಎಲ್ಲರೂ ಒಟ್ಟಿಗೆ ಕಿರುಚಿದೆವು. "ಸಾರ್! ಸರ್ಕೊಳ್ಳಿ ಸಾರ್!" ಗಂಗಮ್ಮನ ಕೂಗಂತೂ ಶಾಲೆಯ ಮೈದಾನದ ಆಚೆಗೂ ಕೇಳಿತಂತೆ. ಅಂಗಳದಲ್ಲಿದ್ದ ಮಕ್ಕಳು ಬಾಗಿಲಿಗೆ ಓಡಿಬಂದರು. ಅಷ್ಟು ಹತ್ತಿರ ಇದ್ದ ಮನುಷ್ಯ ಒಬ್ಬರೇ ತಿರುಗಲಿಲ್ಲ. ಬುಧವಾರದ ಊಟ ಏನೆಂದು ಓದುತ್ತಿದ್ದರೇನೋ. ಕುದಿಯುವ ನೀರು ಅವರ ಹಿಮ್ಮಡಿಗೆ, ಮೀನಖಂಡಕ್ಕೆ ಬಂದು ಬಡಿಯಿತು. ಆಗ ತಿರುಗಿದರು. ನೋವಿಗಿಂತ ಮೊದಲು ಅವರ ಮುಖದ ಮೇಲೆ ಬಂದದ್ದು ಗಾಬರಿ. ನಮ್ಮೆಲ್ಲರ ತೆರೆದ ಬಾಯಿಗಳನ್ನು ಒಂದೊಂದಾಗಿ ನೋಡಿದರು. ನಾವು ಕೂಗಿದ್ದೆವು ಎಂಬುದು ಅವರಿಗೆ ತಿಳಿದದ್ದು ಆಗಲೇ.

ಅರಸೀಕೆರೆಯ ಆಸ್ಪತ್ರೆಯಲ್ಲಿ ಬಲಗಾಲಿಗೆ ಮಂಡಿಯವರೆಗೆ ಬಟ್ಟೆ ಸುತ್ತಿ ಮಲಗಿಸಿದ್ದರು. ಮಾರನೆಯ ದಿನ ಸಂಜೆ ನಾಲ್ವರೂ ಹೋಗಿ ಮಂಚದ ಕಾಲ ದೆಸೆಗೆ ನಿಂತೆವು. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಕೈಸನ್ನೆ ಮಾಡಿ ನಮ್ಮನ್ನು ಎದುರಿಗೆ, ಬೆಳಕಿನ ಕಡೆಗೆ ಕರೆದುಕೊಂಡರು.

"ನೆಲ ವಾಟ ಇತ್ತು ಅಂತ ನಿಮ್ಮಲ್ಲಿ ಯಾರಿಗೆ ಗೊತ್ತಿತ್ತು?"

ಆಶಾ ಅಳುತ್ತಲೇ ಕೈ ಎತ್ತಿದಳು. "ಹೇಳಿದ್ದೆ ಸಾರ್, ಇವರಿಗೆ ಹೇಳಿದ್ದೆ..."

"ಹೇಳಿರ್ತೀಯಮ್ಮ, ಇಲ್ಲ ಅನ್ನಲ್ಲ. ಇವರಿಗೆ ಮುಟ್ಟಿತಾ ಅಂತ ನೋಡಿದ್ಯಾ?" ಅವಳು ಇಲ್ಲವೆಂದಳು. "ನೀವು ಮೂರು ಜನ, ಏನ್ ಹಂಗಂದ್ರೆ ಅಂತ ಕೇಳಿದ್ರಾ?" ನಾವೂ ಇಲ್ಲವೆಂದೆವು. ಸ್ವಲ್ಪ ಹೊತ್ತು ಕಾಲಿನ ಕಡೆಗೆ ನೋಡುತ್ತಿದ್ದರು. ಆಮೇಲೆ ಹೇಳಿದರು: "ನಿಮ್ಮನ್ನ ಏನಂತ ಬೈಲಿ. ನಂಗೂ ಒಂದು ಗೊತ್ತಿತ್ತು, ನಾನೂ ನಿಮಗೆ ಹೇಳಿರ್ಲಿಲ್ಲ. ನಂಗೆ ಕಿವಿ ಕೇಳಲ್ಲ ಕಣ್ರೋ. ಮೂರು ವರ್ಷ ಆಯ್ತು. ಎಡಗಿವಿ ಪೂರ್ತಿ ಹೋಗಿತ್ತು, ಈಗ ಬಲಗಿವೀನೂ ಹೋದಂಗೇ ಐತೆ. ಎದುರಿಗೆ ಕೂತ್ರೆ ತುಟಿ ನೋಡಿ ಅರ್ಧ ತಿಳಿಯುತ್ತೆ. ಇನ್ನರ್ಧ ನಿಮ್ಮಲ್ಲಿ ಇನ್ನೊಬ್ಬರ ಬಾಯಲ್ಲಿ ಹೇಳಿಸ್ತಿದ್ದೆ."

ಮಂಜು ಅವರ ಹಾಸಿಗೆಯ ಅಂಚಿನಲ್ಲಿ ಕೂತು ಹೊದಿಕೆಯನ್ನು ಸುಮ್ಮನೆ ಸವರುತ್ತಿದ್ದ.

ಕಾಲೇಜಿನಲ್ಲಿ ವಿಚಾರಣೆ ಆಯಿತು. ನಮ್ಮ ತಂಡವನ್ನು ಆ ಪೇಪರಿನಲ್ಲಿ ಫೇಲು ಮಾಡಿ, ಮನೆಯವರನ್ನು ಕರೆಸಿ, ತೊಟ್ಟಿಲನ್ನು ಗುಜರಿಗೆ ಹಾಕುವುದೆಂದು ಮಾತು ನಡೆದಿತ್ತು. ಸಾರ್ ಊರುಗೋಲು ಹಿಡಿದು ಬಂದರು. ನಮ್ಮನ್ನು ಅರೆತೆರೆದ ಬಾಗಿಲ ಹೊರಗೆ ನಿಲ್ಲಿಸಿದ್ದರಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಅವರ ದನಿ ಎಂದಿನಂತೆ ಸ್ವಲ್ಪ ಜೋರಾಗಿಯೇ ಇತ್ತು. "ತೊಟ್ಟಿಲು ವಾಲಿದ್ದು ನಿಜ. ಅದಕ್ಕೇ ಅಲ್ವಾ ನೀರಿಟ್ಟು ಪರೀಕ್ಷೆ ಮಾಡಿದ್ದು? ಹುಡುಗ್ರು ಕೂಗಿದ್ರು. ಕಿವಿ ಇದ್ದೋರಾಗಿದ್ರೆ ಸರೀತಿದ್ರು. ನಂಗೆ ಕೇಳಿಸ್ಲಿಲ್ಲ. ನಂಗೆ ಕಿವಿ ಕೇಳಲ್ಲ ಸಾರ್." ಆಮೇಲೆ ಯಾರೋ, "ಪಾಠ ಹೆಂಗ್ರೀ ಮಾಡ್ತಿದ್ರಿ ಮತ್ತೆ?" ಎಂದರು. ಅವರು ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಪಕ್ಕದಲ್ಲಿ ಕೂತವರಿಂದ ಬಂದದ್ದು, ಅವರಿಗೆ ಕೇಳಿಸಿರಲಾರದು.

ನಮ್ಮ ತಂಡ ಉಳಿಯಿತು. ಮುಂದಿನ ಸೆಮಿಸ್ಟರಿಗೆ ಅವರು ಬರಲಿಲ್ಲ.

ನಾವು ನಾಲ್ವರೂ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಕೆಟ್ಟ ಮನುಷ್ಯರೇನೂ ಅಲ್ಲ ಅವರು. ಕುರ್ಚಿ ತೋರಿಸಿ ಕೂರಿಸಿದರು. "ತೆಗೆದುಹಾಕಿದ್ದೀವಿ ಅನ್ನಬೇಡಿ. ಅತಿಥಿ ಉಪನ್ಯಾಸಕರು, ಈ ಸಲ ಕರೆದಿಲ್ಲ ಅಷ್ಟೇ."

ಆಶಾ ಎದ್ದುನಿಂತಳು. "ಕರೀದೇ ಇರೋದಕ್ಕೂ ತೆಗೆಯೋದಕ್ಕೂ ಏನ್ ಸಾರ್ ವ್ಯತ್ಯಾಸ?"

"ತೆಗೆಯೋದಾದ್ರೆ ಕಾರಣ ಕೊಡಬೇಕಮ್ಮ," ಎಂದು ಅವರು ಮೆಲ್ಲಗೆ ಹೇಳಿದರು. ಅವರಿಗೂ ಅದು ಹೇಳಲು ಇಷ್ಟವಿರಲಿಲ್ಲ ಎಂದು ಕಾಣುತ್ತಿತ್ತು.

ತೊಟ್ಟಿಲನ್ನು ನಾವು ಬಿಚ್ಚಿ ಮತ್ತೆ ಮಾಡಿದೆವು. ಈ ಸಲ ಕೆಲಸಗಳನ್ನು ಅದಲುಬದಲು ಮಾಡಿಕೊಂಡೆವು. ನೆಲದ ವಾಟ ನಾನು ಅಳೆದೆ, ಆಶಾ ಎದುರಿಗೆ ನಿಂತು ತಿದ್ದಿದಳು. ಹಿಡಿಯ ಉದ್ದದ ಲೆಕ್ಕ ಮಂಜು ಹಾಕಿದ. ಮೂರು ಸಲ ತಪ್ಪಿದ, ನಾನು ಬಾಯಿ ಕಟ್ಟಿಕೊಂಡು ಕೂತೆ, ನಾಲ್ಕನೆಯ ಸಲ ತಾನೇ ಹಿಡಿದ. ಒಬ್ಬರು ಮಾತಾಡಿದ ಕೂಡಲೇ ಇನ್ನೊಬ್ಬರು, ಯಾರೂ ಕೇಳದೆಯೇ, ಅದನ್ನು ತಮ್ಮ ಮಾತಿನಲ್ಲಿ ಒಪ್ಪಿಸುತ್ತಿದ್ದೆವು. ಕ್ಯಾಂಟೀನಿನಲ್ಲಿ ಎರಡು ಟೀ ಎಂದರೂ ನವೀನ 'ಅಂದ್ರೆ ಎರಡು ಟೀ' ಅನ್ನುವನು. ನಗುತ್ತಿದ್ದೆವು, ನಗುತ್ತಿದ್ದ ಹಾಗೇ ಯಾರಿಗಾದರೂ ಕಣ್ಣು ತುಂಬಿಬಿಡುತ್ತಿತ್ತು.

ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದ ದಿನ ಸಾರ್‌ಗೆ ಮೆಸೇಜ್ ಹಾಕಿದೆವು. ಬಸ್ಸಿಳಿದು ಕುಂಟುತ್ತ ಬಂದರು. ಗಂಗಮ್ಮ ಒಬ್ಬರೇ ಒಂದು ಕೈಯಲ್ಲಿ ಹಿಡಿ ಒತ್ತಿ, ಇನ್ನೊಂದು ಕೈ ಸೊಂಟದ ಮೇಲಿಟ್ಟುಕೊಂಡು ಅನ್ನ ಬಸಿದರು. "ಅಯ್ಯೋ ಶಿವನೇ, ಇಷ್ಟ್ ಸಲೀಸಾ!" ಎಂದರು. ಸಾರ್ ಮಂಜುವಿನ ಕಡೆ ನೋಡಿದರು. ಮಂಜು ಅವರ ಎದುರಿಗೆ ಬಂದು ನಿಂತು, ದೊಡ್ಡಮ್ಮ ಹೇಳಿದ್ದನ್ನು ತುಟಿ ಬಿಡಿಸಿ ಒಪ್ಪಿಸಿದ. ಅವತ್ತು ಶಾಲೆಯ ಮಕ್ಕಳ ಸಾಲಿನಲ್ಲಿ ನಾವೂ ತಟ್ಟೆ ಹಿಡಿದು ಕೂತು ಉಂಡೆವು. ಸಾರ್ ಎರಡು ಸಲ ಅನ್ನ ಹಾಕಿಸಿಕೊಂಡರು.

ಆಮೇಲೆ ಅವರು ಎರಡು ಮೂರು ಕಾಲೇಜುಗಳಿಗೆ ಸಂದರ್ಶನಕ್ಕೆ ಹೋದರಂತೆ. ಸಾಲಾಗಿ ಕೂತ ಐದಾರು ಮಂದಿ ಒಬ್ಬರಾದ ಮೇಲೊಬ್ಬರು ಪ್ರಶ್ನೆ ಹಾಕುವ ಕಡೆ ಯಾರ ತುಟಿ ನೋಡುವುದು? ಕೊನೆಗೆ ಅರಸೀಕೆರೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದರು. ನಾನು ಹಾಸನದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಊರಿಗೆ ಬಂದಾಗಲೆಲ್ಲ ಅಲ್ಲಿಗೆ ಹೋಗಿಬರುತ್ತಿದ್ದೆ. ಮದುವೆ ಕರೆಯೋಲೆ, ಸಂಘದ ವರದಿ, ತೇರಿನ ಪಟ್ಟಿ ಇವುಗಳ ಮೇಲೆ ಬಾಗಿ ಕೂತಿರುತ್ತಿದ್ದರು. ಸುತ್ತ ಯಂತ್ರಗಳ ಸದ್ದು. ಅಲ್ಲಿ ಎಲ್ಲರೂ ಸನ್ನೆ ಮಾಡಿಯೇ ಮಾತಾಡಬೇಕು. "ಇಲ್ಲಿ ನಾನು ಎಲ್ಲರ ಥರಾನೇ ಕಣಮ್ಮ" ಎಂದರು. ಕಿವಿಗೆ ಹಾಕಿಕೊಳ್ಳುವ ಯಂತ್ರವೊಂದನ್ನು ತೆಗೆದುಕೊಂಡಿದ್ದರು. ಅದು ಮಾತಿಗಿಂತ ಫ್ಯಾನಿನ ಸದ್ದನ್ನೇ ಜೋರು ಮಾಡುತ್ತದೆಂದು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು.

ಒಮ್ಮೆ ಪ್ರೆಸ್ಸಿನ ಎದುರಿನ ಅಂಗಡಿಯಲ್ಲಿ ಟೀ ಕುಡಿಯುವಾಗ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಸಾರ್, ಒಬ್ಬರು ಹೇಳಿದ್ದನ್ನ ಇನ್ನೊಬ್ಬರ ಕೈಲಿ ಹೇಳಿಸ್ತಿದ್ರಲ್ಲ, ಅದು ನಿಮ್ಮ ಕಿವಿಗೋಸ್ಕರಾನಾ, ನಮಗೋಸ್ಕರಾನಾ?"

ಸುಳ್ಳು ಹೇಳಬಹುದಿತ್ತು. ಟೀ ಲೋಟ ಕೆಳಗಿಟ್ಟು ಯೋಚಿಸಿದರು. "ಮೊದಲು ಕಿವಿಗೋಸ್ಕರಾನೇ. ಸಿಕ್ಕಿಬೀಳಬಾರ್ದು ಅಂತ ಶುರು ಮಾಡಿದ್ದು. ಆಮೇಲೆ ನೀವು ಒಬ್ಬರಿಗೊಬ್ಬರು ಹೇಳ್ಕೊಡೋದನ್ನ ನೋಡ್ತಾ ನೋಡ್ತಾ... ನಾಳೆ ಬೆಳಿಗ್ಗೆ ನಂಗೆ ಕಿವಿ ವಾಪಸ್ ಬಂದ್ರೂ ಬಿಡ್ತಿರ್ಲಿಲ್ಲ ಅನ್ಸುತ್ತೆ." ಆಮೇಲೆ, ಇಷ್ಟು ಹೇಳಿದ್ದೇ ಜಾಸ್ತಿಯಾಯಿತು ಅನ್ನುವ ಹಾಗೆ ಎದ್ದು, "ಬತ್ತೀನಿ ಕಣಮ್ಮ, ಮುಹೂರ್ತದ ಓಲೆ, ತಪ್ಪಾದ್ರೆ ಹೆಣ್ಣಿನ ಕಡೆಯೋರು ಬಿಡಲ್ಲ" ಎಂದು ರಸ್ತೆ ದಾಟಿದರು. ದಾಟುವ ಮುನ್ನ ಎಡಕ್ಕೆ ಬಲಕ್ಕೆ ಬಹಳ ಹೊತ್ತು ನೋಡಿದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ.

ಅವರು ಹೋದ ಸುದ್ದಿ ನಮಗೆ ತಡವಾಗಿ ಮುಟ್ಟಿತು. ಮಣ್ಣಿಗೆ ಯಾರೂ ಹೋಗಲಾಗಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲಿನ ಭಾನುವಾರ ನಾಲ್ವರೂ ಅವರ ಊರಿಗೆ ಹೋದೆವು. ನವೀನ ಈಗ ಊರಿನಲ್ಲೇ ವ್ಯಾಪಾರ ನೋಡಿಕೊಳ್ಳುತ್ತಾನೆ, ಅವನೇ ಕಾರು ತಂದಿದ್ದ. ಹಂಚಿನ ಸಣ್ಣ ಮನೆ. ನಾವು ಅವರ ಮನೆಗೆ ಹೋದದ್ದು ಅದೇ ಮೊದಲು. ಅವರ ಹೆಂಡತಿ ನಮ್ಮನ್ನು ಕಂಡು, ಯಾರೂ ಹೇಳದೆಯೇ, "ನೀನು ಹಾರನಹಳ್ಳಿ ಅಲ್ವಾ? ಇವಳು ಬೇಲೂರು" ಎಂದು ಗುರುತು ಹಿಡಿದರು.

ಬಹಳ ಹೊತ್ತು ಅದೂ ಇದೂ ಮಾತಾಡಿದರು. ಆಮೇಲೆ ತಾವಾಗಿಯೇ ಹೇಳತೊಡಗಿದರು.

"ಕಿವಿ ವಿಷ್ಯ ನಂಗೂ ಹೇಳಿರ್ಲಿಲ್ಲ ಕಣ್ರಪ್ಪ. ಅಡುಗೆಮನೆಯಿಂದ ಏನಾದ್ರೂ ಹೇಳ್ತಿದ್ದೆ, ಉತ್ತರ ಇಲ್ಲ. ಕರೆದ್ರೆ ತಿರುಗ್ತಿರ್ಲಿಲ್ಲ. ಕಾಲೇಜಲ್ಲಿ ಮಾತಾಡಿ ಮಾತಾಡಿ ಸಾಕಾಗಿ ಬಂದಿರ್ತಾರೆ, ನಾನು ಓದಿದವಳಲ್ಲ, ನನ್ ಹತ್ರ ಏನ್ ಮಾತು ಅಂದ್ಕೊಂಡೆ. ನಾನೂ ಕಮ್ಮಿ ಮಾಡ್ದೆ. ಬತ್ತಾ ಬತ್ತಾ ಊಟಕ್ಕೆ ಬನ್ನಿ ಅನ್ನೋದನ್ನೂ ಬಿಟ್ಟು ತಟ್ಟೆ ಶಬ್ದ ಮಾಡ್ತಿದ್ದೆ. ಅದೂ ಕೇಳ್ತಿರ್ಲಿಲ್ಲ ಅಂತ ನಂಗೇನ್ ಗೊತ್ತು. ಮೂರು ವರ್ಷ, ಒಂದೇ ಮನೇಲಿ, ಇಬ್ರೂ ಸುಮ್ನೆ ಇದ್ಬಿಟ್ವಿ."

ಸೆರಗಿನಿಂದ ಮುಖ ಒರೆಸಿಕೊಂಡರು.

"ಕಾಲು ಸುಟ್ಕೊಂಡು ಬಂದಾಗ ಹೇಳಿದ್ರು. ಹಿಂಗಿಂಗೆ, ನಂಗೆ ಕೇಳಲ್ಲ ಕಣೇ ಅಂತ. ಅವತ್ತು ನಾನು ಅತ್ತಿದ್ದು ಕಾಲಿಗೆ ಅಂದ್ಕೊಂಡ್ರು ಅಕ್ಕಪಕ್ಕದೋರೆಲ್ಲ. ಆಮೇಲೆ ಎದುರಿಗೆ ಕೂರಿಸ್ಕೊಂಡು ಮಾತಾಡೋದು ಕಲಿತೆ. ಕೆಲಸ ಹೋಗಿತ್ತಲ್ಲ, ಮನೇಲೇ ಇರ್ತಿದ್ರು. ಆ ಒಂದ್ ವರ್ಷ ನಾವು ಆಡಿದಷ್ಟು ಮಾತು ಮದುವೆ ಆದ ಹೊಸದ್ರಲ್ಲೂ ಆಡಿರ್ಲಿಲ್ಲ."

ಅಷ್ಟು ಹೇಳಿ ಒಳಗೆ ಹೋದರು. ಪಾತ್ರೆಯ ಸದ್ದು, ಸ್ಟವ್ ಹಚ್ಚಿದ ಸದ್ದು ಕೇಳಿತು. ನಾವು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಆಶಾ ಗೋಡೆಗೊರಗಿ ಬಾಗಿಲ ಕಡೆಗೆ ಮುಖ ತಿರುಗಿಸಿಕೊಂಡಿದ್ದಳು, ಅಳುತ್ತಿದ್ದಳೋ ಏನೋ. ಅವರು ಕಾಫಿ ಲೋಟಗಳ ತಟ್ಟೆ ಹಿಡಿದು ಬಂದರು. ಹಿಂದಿನಿಂದ ಕೇಳಿದ್ದರೆ ಸಾಕಿತ್ತು, ಒಂದು ಮಾರು ದೂರವೂ ಇರಲಿಲ್ಲ. ಆದರೆ ಅವರು ಸುತ್ತಿಕೊಂಡು ಬಂದು ಆಶಾಳ ಎದುರಿಗೆ ನಿಂತರು. ಬಾಗಿಲ ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಸ್ವಲ್ಪ ಸರಿದುಕೊಂಡರು. ಅವಳು ತಲೆಯೆತ್ತುವವರೆಗೆ ಕಾದರು. ಆಮೇಲೆ ತುಟಿ ಬಿಡಿಸಿ, ಒಂದೊಂದೇ ಅಕ್ಷರ ನಿಧಾನವಾಗಿ, "ಸಕ್ಕರೆ ಇಷ್ಟು ಸಾಕಾ?" ಎಂದು ಕೇಳಿದರು.

"ಸಾಕು ಅಮ್ಮ" ಎಂದಳು ಆಶಾ, ಅವಳೂ ತುಟಿ ಬಿಡಿಸಿ, ನಿಧಾನವಾಗಿ.